ಉಜ್ಜಿಹೋದ ತಾರೀಖು

ಇವತ್ತು ಬೆಳಗ್ಗೆ ಮಳೆಯೂ ಇಲ್ಲ, ಬಿಸಿಲೂ ಇಲ್ಲ. ಆಕಾಶ ಒದ್ದೆ ಕಂಬಳಿಯ ಹಾಗೆ ಮನೆಗಳ ಮೇಲೆ ಬಿದ್ದುಕೊಂಡಿದೆ. ನಿನ್ನೆ ತಂತಿಯ ಮೇಲೆ ಹರವಿದ ಬಟ್ಟೆ ಇನ್ನೂ ಆರಿಲ್ಲ. ಗಂಟೆ ಐದೂವರೆ. ಓಣಿಯ ಕೊನೆಯ ಮನೆಯ ಹಿಂದೆ, ಒಂದು ಕಾಲಕ್ಕೆ ಸ್ಕೂಟರ್ ನಿಲ್ಲಿಸುತ್ತಿದ್ದ ಕೋಣೆಯಲ್ಲಿ, ಆಗಲೇ ದೀಪ ಹತ್ತಿದೆ. ಐವತ್ತಾರು ದಾಟಿದ ಹೆಂಗಸೊಬ್ಬರು ಡಬ್ಬದಿಂದ ಒಂದು ಚಿಟಿಕೆ ಪ್ಲಾಸ್ಟರ್ ಪುಡಿಯನ್ನು ಅಂಗೈಗೆ ಹಾಕಿಕೊಂಡು ಹೆಬ್ಬೆರಳಿನಿಂದ ತಿಕ್ಕಿ ನೋಡುತ್ತಾರೆ.

"ಇಂಥ ಹವೆಗೆ ಪುಡಿ ತೇವ ಕುಡಿದುಬಿಡುತ್ತೆ. ಕಲಸಿದ್ಮೇಲೆ ಯಾವಾಗ ಗಟ್ಟಿಯಾಗುತ್ತೋ ಅದಕ್ಕೇ ಗೊತ್ತಿರಲ್ಲ. ನಮ್ಮತ್ತೆ ಸಿಟ್ಟಿನ ಹಾಗೆ."

"ಕೇಳಿಸ್ತು!" ಅನ್ನುತ್ತದೆ ಒಳಮನೆಯಿಂದ ಒಂದು ಮುದಿದನಿ. "ಕಿವಿಯೇನು ನೀನು ಮಾಡ್ಕೊಟ್ಟಿದ್ದಲ್ಲ ನಂದು."

ಸುತ್ತಿನ ಒಂಬತ್ತು ದಂತವೈದ್ಯರು ಈಕೆಯನ್ನು ಪ್ಲೇಟಕ್ಕ ಅನ್ನುತ್ತಾರೆ. ಮಕ್ಕಳ ಹಲ್ಲನ್ನು ಸಾಲಿಗೆ ತರುವ ಪ್ಲೇಟುಗಳು, ಸಾಲಿಗೆ ಬಂದ ಹಲ್ಲು ಮತ್ತೆ ಚದುರದ ಹಾಗೆ ಹಿಡಿದಿಡುವ ಪ್ಲೇಟುಗಳು, ಬೇಗನೆ ಬಿದ್ದ ಹಾಲುಹಲ್ಲಿನ ಜಾಗವನ್ನು ಕಾಯುವ ಸಣ್ಣ ತಂತಿಗಳು, ಇವೆಲ್ಲ ಹುಟ್ಟುವುದು ಈ ಕೋಣೆಯಲ್ಲಿ. ಡಾಕ್ಟರು ಮಗುವಿನ ಬಾಯಿಯಿಂದ ತೆಗೆದ ಮೆತ್ತನೆಯ ಅಳತೆಯೊಳಗೆ ಪ್ಲಾಸ್ಟರ್ ಸುರಿದರೆ ಆ ಬಾಯಿಯ ಅಚ್ಚು ಬರುತ್ತದೆ. ಅಚ್ಚಿನ ಮೇಲೆ ತಂತಿ ಬಗ್ಗಿಸಿ ಕೂರಿಸಬೇಕು, ಗುಲಾಬಿ ಬಣ್ಣದ ಪ್ಲಾಸ್ಟಿಕ್ ಪುಡಿ ಉದುರಿಸಿ ದ್ರವ ಹನಿಸಬೇಕು, ಬೆಚ್ಚನೆ ನೀರಲ್ಲಿ ಬೇಯಿಸಬೇಕು, ಉಜ್ಜಿ ಹೊಳಪು ಕೊಡಬೇಕು. ದಿನಕ್ಕೆ ಆರು ಪ್ಲೇಟು. ಹಬೆಯೂ ಧೂಳೂ ಸೇರಿ ಸಂಜೆಯ ಹೊತ್ತಿಗೆ ಗಂಟಲು ಉಪ್ಪುಕಾಗದವಾಗಿರುತ್ತದೆ. ಬೆರಳ ತುದಿಗಳು ಬಿರಿದಿವೆ. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ನಾನೂರಕ್ಕೂ ಹೆಚ್ಚು ಬಿಳಿಯ ಬಾಯಿಗಳು ಮೌನವಾಗಿ ಕೂತಿವೆ. ಎರಡು ಬಾಯಿ ಒಂದೇ ತರಹ ಇಲ್ಲ. ಸೃಷ್ಟಿಸಿದವನ ತಾಳ್ಮೆ ಎಂಥದು ಎಂದು ತಿಳಿಯಬೇಕಾದವರು ಈ ಹಲಗೆಯ ಮುಂದೆ ಒಂದು ಗಳಿಗೆ ನಿಂತರೆ ಸಾಕು. ಮೋಟಾರಿನ ಗುಂಡಿ ಒತ್ತುವ ಮುಂಚೆ ಪ್ಲೇಟಕ್ಕ ದಿನವೂ ಹಾಗೆ ನಿಲ್ಲುತ್ತಾರೆ, ಕಣ್ಣು ಮುಚ್ಚಿ.

ಮೂವತ್ತು ವರ್ಷದ ಹಿಂದೆ ಈಕೆ ಒಂದು ದೊಡ್ಡ ಲ್ಯಾಬಿಗೆ ಬಟ್ಟಲು ತೊಳೆಯಲು ಸೇರಿದವರು. ಒಣಗಿದ ಪ್ಲಾಸ್ಟರ್ ಕೆರೆಯುತ್ತ, ಪಕ್ಕದಲ್ಲಿ ತಂತಿ ಬಗ್ಗಿಸುವವರ ಕೈ ನೋಡುತ್ತ ಕಲಿತರು. "ಊಟದ ಹೊತ್ತಲ್ಲಿ ಬಿಸಾಕಿದ ತಂತಿ ಆರಿಸ್ಕೊಂಡು ಬಗ್ಗಿಸ್ತಿದ್ದೆ. ಏಳು ವರ್ಷ ಆದ್ಮೇಲೆ ಒಬ್ರು ರಜಾ ಹಾಕಿದ್ರು, ನನ್ನ ಕೂರಿಸಿದ್ರು. ಅಲ್ಲಿಂದ ಎದ್ದಿಲ್ಲ." ಗಂಡ ತೀರಿಕೊಂಡ ಮೇಲೆ ಲ್ಯಾಬು ಬಿಟ್ಟು, ಅವರ ಸ್ಕೂಟರು ನಿಲ್ಲುತ್ತಿದ್ದ ಕಡೆಯೇ ಮೇಜು ಹಾಕಿಕೊಂಡರು. ಪ್ಲೇಟಕ್ಕನ ಮುಂದಿನ ಹಲ್ಲೆರಡು ಒಂದರ ಮೇಲೊಂದು ಏರಿ ಕೂತಿವೆ. ನಗುವಾಗ ಕೈ ತಾನಾಗಿ ಬಾಯಿಗೆ ಹೋಗುತ್ತದೆ. "ನಮ್ಮ ಕಾಲದಲ್ಲಿ ಹಲ್ಲು ಬಂದ್ರೆ ಸಾಕಿತ್ತು. ಸಾಲಾಗಿ ಬರ್ಬೇಕು ಅಂತ ಯಾರು ಕೇಳಿದ್ರು?"

ಕೆಲಸದ ಬಗ್ಗೆ ಕೇಳಿದರೆ ಮಾತು ಸರಾಗ. ಏಳೆಂಟು ವರ್ಷದಲ್ಲಿ ದವಡೆ ಇನ್ನೂ ಎಳೆಯದು, ಹೇಳಿದ ಮಾತು ಕೇಳುತ್ತದೆ, ಆಗಲೇ ಅಗಲಿಸಿದರೆ ಬರುವ ಹಲ್ಲಿಗೆ ಜಾಗ ಸಿಗುತ್ತದೆ ಎನ್ನುತ್ತಾರೆ. ಆದರೆ ಸಾಲಿಗೆ ತಂದಷ್ಟಕ್ಕೆ ಕತೆ ಮುಗಿಯುವುದಿಲ್ಲ. "ಹಲ್ಲಿಗೆ ಹಳೇ ಮನೆ ನೆನಪು ಜಾಸ್ತಿ. ಬಿಟ್ರೆ ಸಾಕು, ಗಂಟುಮೂಟೆ ಕಟ್ಕೊಂಡು ವಾಪಸ್ ಹೊರಡುತ್ತೆ. ಅದಕ್ಕೇ ರಾತ್ರಿ ಪ್ಲೇಟು ಹಾಕ್ಕೊಂಡು ಮಲಗ್ಬೇಕು. ವರ್ಷಗಟ್ಟಲೆ."

ಇವರ ಬಗ್ಗೆ ಬರೆಯಿರಿ ಎಂದು ಪತ್ರಿಕೆಗೆ ಹೇಳಿದವರು ಪಕ್ಕದ ಬೀದಿಯ ದಂತವೈದ್ಯೆ. 'ಇಷ್ಟು ವರ್ಷದಲ್ಲಿ ಒಂದು ತಪ್ಪಿಲ್ಲ' ಎಂಬುದು ಅವರ ಶಿಫಾರಸು. ಆ ಮಾತು ಎತ್ತಿದ್ದೇ ತಡ, ಪ್ಲೇಟಕ್ಕನ ಮುಖ ಬಾಡುತ್ತದೆ. ಕೈ ಒರೆಸಿಕೊಂಡು, ಮೇಲಿನ ಹಲಗೆಯಿಂದ ಎರಡು ಅಚ್ಚು ಇಳಿಸಿ ಮೇಜಿನ ಮೇಲೆ ಅಕ್ಕಪಕ್ಕ ಇಡುತ್ತಾರೆ.

"ಬರೆಯೋದಾದ್ರೆ ಇದನ್ನ ಬರೀರಿ. ಇದು ಬೇಡ ಅಂದ್ರೆ ಬೇರೇದೂ ಬೇಡ."

ಎರಡೂ ಒಂದೇ ಬಾಯಿಯವು. ಅದೇ ದಂತವೈದ್ಯೆಯ ಬಳಿಗೆ ಬರುವ, ಈಗ ಹನ್ನೊಂದು ವರ್ಷದ ಒಬ್ಬ ಹುಡುಗಿಯದು. ಎಂಟನೇ ವರ್ಷದಲ್ಲಿ ಅವಳ ಮೇಲ್ದವಡೆ ಇಕ್ಕಟ್ಟಾಗಿತ್ತು. ನಡುವೆ ತಿರುಪು ಇರುವ ಪ್ಲೇಟನ್ನು ಪ್ಲೇಟಕ್ಕನೇ ಮಾಡಿಕೊಟ್ಟಿದ್ದರು. ತಾಯಿ ವಾರಕ್ಕೊಮ್ಮೆ ಸಣ್ಣ ಕೀಲಿ ಹಾಕಿ ತಿರುಗಿಸುವುದು, ಮಗಳು ಬಾಯಿ ತೆರೆದು ಕೂರುವುದು, ಹೀಗೆ ಒಂದು ವರ್ಷದ ಮೇಲೆ. ಆಮೇಲೆ ತಿರುಗಿ ನಿಂತಿದ್ದ ಒಂದು ಮುಂದಿನ ಹಲ್ಲನ್ನು ನೇರ ಮಾಡಿದರು. ಆ ಚಿಕಿತ್ಸೆಯ ನಡುವೆ ಒಂದು ಅಚ್ಚು ತೆಗೆದರು, ಮುಗಿದ ಮೇಲೆ ಇನ್ನೊಂದು. ಎರಡಕ್ಕೂ ವ್ಯತ್ಯಾಸ ಆ ಒಂದು ಹಲ್ಲಿನಲ್ಲಿ ಮಾತ್ರ, ಉಗುರಿನ ದಪ್ಪದಷ್ಟು.

ಅಚ್ಚಿನ ತಳವನ್ನು ತಿರುಗುವ ಕಲ್ಲಿಗೆ ಹಿಡಿದು ಸಮ ಮಾಡುವಾಗ ತಳದಲ್ಲಿ ಬರೆದ ತಾರೀಖೂ ಉಜ್ಜಿಹೋಗುತ್ತದೆ. ಉಜ್ಜಿದೊಡನೆ ಮತ್ತೆ ಬರೆಯಬೇಕು. ಇದು ಈ ಕಸುಬಿನ ಮೊದಲ ಪಾಠ. ಅವತ್ತು ಬರೆಯಲಿಲ್ಲ. ಏಕೆಂದು ಕೇಳಿದರೆ ಅವರಲ್ಲಿ ನೆಪವಿಲ್ಲ. "ಜ್ವರ ಇತ್ತಾ, ಇಲ್ಲ. ಯಾರಾದ್ರೂ ಕರೆದ್ರಾ, ಇಲ್ಲ. ನನಗೆ ಗೊತ್ತು ಅನ್ನೋ ಧಿಮಾಕು. ಕಣ್ಣಲ್ಲೇ ನೋಡಿ ಇದೇ ಅಂತ ಎತ್ಕೊಂಡೆ." ಎತ್ತಿಕೊಂಡದ್ದು ಹಳೆಯ ಅಚ್ಚು. ಹಲ್ಲನ್ನು ಸರಿಯಾದ ಜಾಗದಲ್ಲಿ ಹಿಡಿದಿಡಬೇಕಾದ ಪ್ಲೇಟು, ಅದನ್ನು ಹಳೆಯ ಜಾಗಕ್ಕೆ ಎಳೆಯುವ ಪ್ಲೇಟಾಯಿತು.

ಹುಡುಗಿ ಮೊದಲ ದಿನವೇ ಬಿಗಿ ಎಂದಳು. ಮೊದಮೊದಲು ಹಾಗೇ ಎಂದರು ಡಾಕ್ಟರು. ನೋವು ಎಂದಳು. ಸಹಿಸಿಕೋ ಎಂದಳು ತಾಯಿ. ನಾಲ್ಕು ತಿಂಗಳಾಗುವ ಹೊತ್ತಿಗೆ ಹಲ್ಲು ತಿರುಗಿತ್ತು. ಪ್ಲೇಟು ಹಾಕದೆ ಬಿಟ್ಟ ಮಕ್ಕಳಿಗೆ ಆಗುವುದೂ ಅದೇ. ಕ್ಲಿನಿಕ್ಕಿನ ಬೆಂಚಿನ ಮೇಲೆ ಆರೇಳು ಜನರ ಮುಂದೆ ವಿಚಾರಣೆ ನಡೆಯಿತು.

"ದಿನಾ ಹಾಕ್ಕೊಂಡೆ," ಎಂದಳು ಹುಡುಗಿ.

"ಹಾಕ್ಕೊಂಡಿದ್ರೆ ಹೀಗಾಗ್ತಿತ್ತಾ? ಮೂರು ವರ್ಷ ಪಟ್ಟ ಪಾಡೆಲ್ಲ ನೀರಲ್ಲಿ ಹಾಕ್ದೆ. ಸುಳ್ಳು ಬೇರೆ," ಎಂದಳು ತಾಯಿ.

ಆಗ ಅಚ್ಚಿನ ಡಬ್ಬ ಕೊಡಲು ಅಲ್ಲಿಗೆ ಹೋಗಿದ್ದ ಪ್ಲೇಟಕ್ಕ ಒಂದು ಮಾತು ಸೇರಿಸಿದರು. ಈಗ ಅದನ್ನು ಹೇಳುವಾಗ ಅವರು ಮೇಜಿನ ಕಡೆಗೇ ನೋಡುತ್ತಾರೆ. "ನಾನಂದೆ, 'ಪುಟ್ಟಾ, ನನ್ನ ಪ್ಲೇಟು ಸುಳ್ಳು ಹೇಳಲ್ಲಮ್ಮ. ಹೇಳೋದು ಬಾಯಿ.' ಎಲ್ರೂ ನಕ್ರು. ಆ ಮಗು ನನ್ನನ್ನ ನೋಡ್ತು. ಆಮೇಲೆ ತಲೆ ಬಗ್ಗಿಸ್ಕೊಂಡು, 'ಹೌದು, ಹಾಕ್ಕೊಂಡಿರ್ಲಿಲ್ಲ' ಅಂತು. ಮಾಡದೇ ಇದ್ದ ತಪ್ಪನ್ನ ಒಪ್ಕೊಂಡುಬಿಡ್ತು, ಬಿಟ್ರೆ ಸಾಕು ಅಂತ."

ಹಲ್ಲನ್ನು ಮತ್ತೆ ಎಳೆದು ತರಲು ಹೊಸ ಅಳತೆ ಕೊಟ್ಟರು, ಹಳೆಯ ಪ್ಲೇಟನ್ನೂ ಜೊತೆಗೆ ಕಳಿಸಿದರು. ಮನೆಗೆ ಬಂದು ಪ್ಲಾಸ್ಟರ್ ಸುರಿದು ನೋಡಿದರೆ, ಪ್ಲೇಟು ಹೊಸ ಅಚ್ಚಿನ ಮೇಲೆ ಟಪ್ಪೆಂದು ಕೂತಿತು. ಹಾಕದೆ ಬಿಟ್ಟ ಪ್ಲೇಟು ಹಾಗೆ ಕೂರುವುದಿಲ್ಲ. ನಾಲಿಗೆ ತಾಕಿ ತಾಕಿ ಅದರ ಮೈ ನುಣ್ಣಗಾಗಿತ್ತು, ಕಚ್ಚಿದ ಗುರುತು ಹಿಂದಿನ ಹಲ್ಲುಗಳವರೆಗೂ ಇತ್ತು. ಒಂದು ರಾತ್ರಿಯನ್ನೂ ಬಿಡದೆ ಹಾಕಿಕೊಂಡ ಮಗುವಿನ ಪ್ಲೇಟು ಅದು. ಹೇಳಿದ ಹಾಗೆ ಕೇಳಿದ್ದಕ್ಕೇ ಅವಳ ಹಲ್ಲು ಕೆಟ್ಟಿತ್ತು. ಹಲಗೆಯ ಹಿಂದೆ, ಯಾರೂ ಮುಟ್ಟದ ಸರಿಯಾದ ಅಚ್ಚು ಸಿಕ್ಕಿತು.

ಇದು ಮೂರು ತಿಂಗಳ ಹಿಂದಿನ ಮಾತು. ಪ್ಲೇಟಕ್ಕ ಯಾರಿಗೂ ಹೇಳಲಿಲ್ಲ. ಹಲ್ಲನ್ನು ನೇರ ಮಾಡುವ ಪ್ಲೇಟನ್ನು ಹಿಂದೆಂದೂ ಮಾಡದಷ್ಟು ಜೋಪಾನವಾಗಿ ಮಾಡಿ ಕಳಿಸಿದರು. ಹಲ್ಲು ಜಾಗಕ್ಕೆ ಬಂದಿದೆ. ಅದನ್ನು ಹಿಡಿದಿಡುವ ಹೊಸ ಪ್ಲೇಟು ಇವತ್ತು ಹತ್ತು ಗಂಟೆಗೆ ಹುಡುಗಿಯ ಬಾಯಿಗೆ ಹೋಗಲಿದೆ. ಬಾಯಿ ಮುಚ್ಚಿಕೊಂಡಿದ್ದರೆ ಲೋಕಕ್ಕೆ ಏನೂ ತಿಳಿಯದು.

"ಹಲ್ಲೇನೋ ಸರಿ ಮಾಡ್ದೆ," ಅನ್ನುತ್ತಾರೆ. "ಕೆಲಸ ಹೋಗುತ್ತೆ ಅಂತ ಹೆದರಿಕೆ ಇತ್ತು, ಇಲ್ಲ ಅನ್ನಲ್ಲ. ಅದಕ್ಕಿಂತ ಹೆಚ್ಚಾಗಿ, ಎಲ್ರೂ ಪ್ಲೇಟಕ್ಕಾ ಪ್ಲೇಟಕ್ಕಾ ಅಂತಾರಲ್ಲ, ಅದು ಹೋಗುತ್ತೆ ಅಂತ. ಅದರ ರುಚಿ ಹತ್ತಿಬಿಟ್ಟಿತ್ತು. ಹನ್ನೊಂದು ವರ್ಷದ ಕೂಸಿನ ಮಾನ ಹೋದ್ರೂ ಚಿಂತೆಯಿಲ್ಲ, ನನ್ನ ಹೆಸರು ಇರ್ಲಿ ಅಂತ ಕೂತಿದ್ನಲ್ಲ, ಅಯ್ಯೋ."

ಅತ್ತೆ ಬಾಗಿಲ ಬಳಿ ಬಂದು ನಿಂತಿದ್ದಾರೆ. ಸೊಸೆ ಮಾಡಿಕೊಟ್ಟ ಹಲ್ಲುಸೆಟ್ಟು ಹಾಕಿಲ್ಲ, ಬೊಚ್ಚುಬಾಯಿ. "ಮೂರು ತಿಂಗಳಿಂದ ಅನ್ನ ಕಲಸೋದು, ಬಿಡೋದು. ಕೇಳಿದ್ರೆ ಹೊಟ್ಟೆನೋವು ಅಂತಿದ್ಲು. ಹೋಗಿ ಹೇಳಿ ಬಾರೇ. ಕೆಲಸ ಹೋದ್ರೆ ಇಬ್ರೂ ಕೂತ್ಕೊಂಡು ಗಂಜಿ ಕುಡಿಯೋಣ. ನನಗಂತೂ ಅಗಿಯೋ ತಾಪತ್ರಯ ಇಲ್ಲ."

ಪ್ಲೇಟಕ್ಕ ನಗುತ್ತಾರೆ, ಅಭ್ಯಾಸದಂತೆ ಬಾಯಿಗೆ ಕೈ ಅಡ್ಡ ಇಟ್ಟು. ನಗು ಕೈಯ ಹಿಂದೆಯೇ ಅಳುವಾಗುತ್ತದೆ.

ಹತ್ತಕ್ಕೆ ಐದು ನಿಮಿಷ. ಕ್ಲಿನಿಕ್ಕಿನ ಬೆಂಚಿನ ಮೇಲೆ ನಾಲ್ಕು ಜನ ಕಾಯುತ್ತಿದ್ದಾರೆ. ತುದಿಯಲ್ಲಿ ಹುಡುಗಿ, ಪಕ್ಕದಲ್ಲಿ ತಾಯಿ. ಆ ದಿನದಿಂದ ಈಚೆಗೆ ಪ್ಲೇಟು ಇರುವುದು ತಾಯಿಯ ವಶದಲ್ಲಿ. ರಾತ್ರಿ ತಾನೇ ಬಾಯಿಗೆ ಹಾಕುತ್ತಾಳೆ, ನಿದ್ದೆಯ ನಡುವೆ ಎದ್ದು ಟಾರ್ಚು ಬಿಟ್ಟು ನೋಡುತ್ತಾಳೆ, ಬೆಳಗ್ಗೆ ತೆಗೆದು ಡಬ್ಬಿಗೆ ಹಾಕಿ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾಳೆ. ಹೀಗೆಂದು ಅವಳೇ ಪಕ್ಕದವರಿಗೆ ಹೇಳುತ್ತಿದ್ದಾಳೆ, ಮಗಳ ಮುಂದೆಯೇ. ಮಗಳು ಚಪ್ಪಲಿಯ ಪಟ್ಟಿ ನೋಡುತ್ತಿದ್ದಾಳೆ.

ಪ್ಲೇಟಕ್ಕ ಎರಡು ಅಚ್ಚನ್ನೂ ಬೆಂಚಿನ ಮೇಲಿಟ್ಟು ಮಾತು ಶುರುಮಾಡುತ್ತಾರೆ. ಡಾಕ್ಟರು ಬಾಗಿಲಿಗೆ ಬರುತ್ತಾರೆ. "ಅಕ್ಕಾ, ಒಳಗೆ ಬನ್ನಿ. ಇಲ್ಯಾಕೆ?"

"ಅವಳಿಗೆ ನಾನಂದಿದ್ದು ಇಲ್ಲೇ ಅಲ್ವಾ ಡಾಕ್ಟ್ರೇ. ಎಲ್ರ ಎದುರಿಗೆ."

ನಿಂತುಕೊಂಡೇ ಎಲ್ಲ ಹೇಳುತ್ತಾರೆ. ತಾರೀಖು ಉಜ್ಜಿಹೋದದ್ದು, ತಪ್ಪು ಅಚ್ಚು ಎತ್ತಿಕೊಂಡದ್ದು, ಮೂರು ತಿಂಗಳು ಸುಮ್ಮನಿದ್ದದ್ದು. ಕೊನೆಗೆ ಹುಡುಗಿಯ ಮುಂದೆ ಮಂಡಿ ಬಗ್ಗಿಸಿ ಕೂತು, "ನೀನು ಹೇಳಿದ್ದು ನಿಜ ಪುಟ್ಟಾ. ಸುಳ್ಳಾಗಿದ್ದು ನನ್ನ ಪ್ಲೇಟು, ನಾನು," ಎನ್ನುತ್ತಾರೆ.

ಹುಡುಗಿ ಅಳುವುದಿಲ್ಲ. ಎರಡು ಅಚ್ಚನ್ನೂ ನೋಡಿ ಕೇಳುತ್ತಾಳೆ, "ಹಾಗಾದ್ರೆ ನಾನು ನಿದ್ದೇಲಿ ತೆಗೀತಿರ್ಲಿಲ್ವಾ?"

"ಏನಮ್ಮಾ?"

"ಹಾಕ್ಕೊಂಡಿದ್ದು ನೆನಪಿತ್ತು. ಎಲ್ರೂ ಇಲ್ಲ ಅಂದ್ರಲ್ಲ, ನಿದ್ದೇಲಿ ನಾನೇ ತೆಗೆದು ಬೆಳಗ್ಗೆ ಮತ್ತೆ ಹಾಕ್ಕೋತಿದ್ನೇನೋ ಅಂದ್ಕೊಂಡೆ."

"ಬಿಗಿ ಅಂದಾಗ ನಾನು ಅಚ್ಚು ತರಿಸಿ ನೋಡ್ಬೇಕಿತ್ತು," ಎನ್ನುತ್ತಾರೆ ಡಾಕ್ಟರು. ಆ ಮಾತು ಅರ್ಧ ತಮಗೇ ಹೇಳಿಕೊಂಡದ್ದು. ಪ್ಲೇಟಕ್ಕನಿಗೆ ಕೆಲಸ ಇರುತ್ತದೋ ಇಲ್ಲವೋ ಎಂಬುದನ್ನು ಇವತ್ತು ಯಾರೂ ಎತ್ತುವುದಿಲ್ಲ, ಅವರೂ ಕೇಳುವುದಿಲ್ಲ. ಅವರಿಗಿದ್ದ ಆಸೆ ಒಂದೇ. "ಬರೀವಾಗ ಆ ಮಗು ಪ್ಲೇಟು ಹಾಕ್ಕೊಂಡಿತ್ತು ಅಂತ ಸ್ಪಷ್ಟವಾಗಿ ಬರೀರಿ. ದಿನಾ ಹಾಕ್ಕೊಂಡಿತ್ತು."

ಒಳಗೆ ಕುರ್ಚಿಯಲ್ಲಿ ಹೊಸ ಪ್ಲೇಟು ಕೂರುತ್ತದೆ. "ಬಿಗಿನಾ?" ಎಂದು ಕೇಳುತ್ತಾರೆ ಡಾಕ್ಟರು. ಹುಡುಗಿ ನಾಲಿಗೆಯಾಡಿಸಿ ನೋಡಿ, ಇಲ್ಲ ಎಂದು ತಲೆಯಾಡಿಸುತ್ತಾಳೆ. ಈ ಸಲ ಅವಳ ತಲೆಯಾಡಿಸುವಿಕೆಯನ್ನೇ ಕಾಯುತ್ತಿದ್ದವರಂತೆ ಡಾಕ್ಟರು ಪುಸ್ತಕದಲ್ಲಿ ಅದನ್ನೇ ಬರೆದುಕೊಳ್ಳುತ್ತಾರೆ. ಆಮೇಲೆ ಪ್ಲೇಟು ತೆಗೆದು, ತೊಳೆದು, ಡಬ್ಬಿಗೆ ಹಾಕಿ ವಾಡಿಕೆಯಂತೆ ತಾಯಿಯ ಕಡೆ ಚಾಚುತ್ತಾರೆ.

ತಾಯಿ ಡಬ್ಬಿ ತೆಗೆದುಕೊಂಡು ಚೀಲದ ಬಾಯಿ ತೆರೆಯುತ್ತಾಳೆ. ಕೈ ಅಲ್ಲೇ ನಿಲ್ಲುತ್ತದೆ. ಮಗಳ ಅಂಗೈ ಬಿಡಿಸಿ, ಡಬ್ಬಿಯನ್ನು ಅದರ ಮೇಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸುತ್ತಾಳೆ.