ಹದದ ಪ್ರಶ್ನೆ

ಎಪ್ಪತ್ತರ ದಶಕದಲ್ಲಿ ನಮ್ಮ ಕೃಷಿ ಕಾಲೇಜಿನ ಮೌಖಿಕ ಪರೀಕ್ಷೆಗೆ ಹೊರಗಿನಿಂದ ಒಬ್ಬ ಪರೀಕ್ಷಕರು ಬರುತ್ತಿದ್ದರು. ವಿದ್ಯಾರ್ಥಿ ಬಾಯಿ ತೆರೆದರೆ ಸಾಕು, ಪೆನ್ನಿನ ಟೊಪ್ಪಿಗೆ ಬಿಚ್ಚಿ, "ಇಂಗ್ಲಿಷಿನಾಗ ಹೇಳ್ರಿ" ಎನ್ನುತ್ತಿದ್ದರು.

ಒಮ್ಮೆ, ಕಪ್ಪು ಮಣ್ಣಿನ ಎರೆ ಹೊಲದಲ್ಲಿ ಜೋಳ ಬಿತ್ತುವ ಹದ ಯಾವುದೆಂದು ಕೇಳಿದರು. ಯರಗುಪ್ಪಿಯ ವಿದ್ಯಾರ್ಥಿ ಮುಷ್ಟಿ ಹಿಡಿದು ತೋರಿಸಿದ.

"ಮಣ್ಣು ಹಿಡಿದ್ರ ಉಂಡಿ ಆಗಬೇಕ್ರಿ, ಕೈಗೆ ಹತ್ತಬಾರದ್ರಿ."

"ಇಂಗ್ಲಿಷಿನಾಗ ಹೇಳ್ರಿ."

ಅವನು ಮುಷ್ಟಿಯನ್ನೇ ಮತ್ತೊಮ್ಮೆ ತೋರಿಸಿದ. ಪರೀಕ್ಷಕರು ಸೊನ್ನೆ ಹಾಕಿದರು. ಪಕ್ಕದಲ್ಲಿ ಕುಳಿತಿದ್ದ ಅಧ್ಯಾಪಕ ನಾನು. ಸುಮ್ಮನಿದ್ದುದಕ್ಕೆ ಈಗಲೂ ಮೈ ಉರಿಯುತ್ತದೆ.

ಚಹಾದ ಹೊತ್ತಿಗೆ ಅವರು ಅದೇ ಹುಡುಗನನ್ನು ವರಾಂಡದಲ್ಲಿ ಹಿಡಿದು ನಿಲ್ಲಿಸಿದರು.

"ತಮ್ಮಾ, ಕುಬಿಹಾಳದಾಗ ನಮ್ಮದೂ ಎರಿ ಹೊಲ ಐತಿ. ಉಂಡಿ ಆಗಬೇಕು ಅಂದೆಲ್ಲ, ಎಷ್ಟು ಆಳದ ಮಣ್ಣು ತಗೀಬೇಕು?"

ಅವನು ಎಲ್ಲವನ್ನೂ ಹೇಳಿದ. ಸೊನ್ನೆ ಹಾಕಿದ ಪೆನ್ನಿನಿಂದಲೇ ಅವರು ಡೈರಿಯಲ್ಲಿ ಬರೆದುಕೊಂಡರು, ಕನ್ನಡದಲ್ಲಿ.