ಸ್ಕೋರರ್ ಸಾಹೇಬರ ಫ್ಲಾಪಿ

ಹೋದ ವಾರ ವಾಡಿಯ ಸ್ಟೇಷನ್ ರಸ್ತೆಯ ಮೊಬೈಲ್ ಅಂಗಡಿಗೆ ಒಂದು ಪೆನ್ ಡ್ರೈವ್ ತೆಗೆದುಕೊಂಡು ಹೋಗಿದ್ದೆ. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದ ದಿನದ ವಿಡಿಯೋ ಅದರಲ್ಲಿತ್ತು. ಮನೆಯ ಟಿವಿ ಮಾತ್ರ ಏನೂ ಇಲ್ಲ ಎನ್ನುತ್ತಿತ್ತು. ಅಂಗಡಿಯವನು ಅದನ್ನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿ, "ಕಾಕಾ, ಫಾರ್ಮ್ಯಾಟ್ ಮಾಡಬೇಕೇನು ಅಂತ ಕೇಳ್ಲಿಕತ್ತದ. ಮಾಡ್ಲಾ?" ಎಂದ. "ಮುಟ್ಟಬ್ಯಾಡ!" ಎಂದು ನಾನು ಕಿರುಚಿದ ರಭಸಕ್ಕೆ ಪಕ್ಕದ ಚಹಾದಂಗಡಿಯವರೂ ಇಣುಕಿ ನೋಡಿದರು. ಪಾಪ, ಅವನು ಬೆದರಿ ಕೈ ಹಿಂದಕ್ಕೆಳೆದುಕೊಂಡ. ಆಮೇಲೆ ಇನ್ನೊಂದು ಕಂಪ್ಯೂಟರಿನಲ್ಲಿ ವಿಡಿಯೋ ತೆರೆದು ತೋರಿಸಿ, ಟಿವಿಗೆ ಅರ್ಥವಾಗುವ ಫಾರ್ಮ್ಯಾಟಿನ ಬೇರೆ ಪೆನ್ ಡ್ರೈವಿಗೆ ಹಾಕಿಕೊಟ್ಟ. ಫ್ಯಾಟ್, ಎನ್‌ಟಿಎಫ್‌ಎಸ್ ಎಂದು ಏನೇನೋ ವಿವರಿಸಿದ. ನನ್ನ ಲಕ್ಷ್ಯ ಅಲ್ಲಿರಲಿಲ್ಲ... ಸ್ಕೋರರ್ ಸಾಹೇಬರ ಕಡೆ ಹೋಗಿಬಿಟ್ಟಿತ್ತು.

ಎಂಬತ್ತರ ದಶಕದ ಮಾತು. ನಾನು ಕುರಕುಂಟಾದವನು, ವಾಡಿಯ ಒಂದು ಸಿಮೆಂಟ್ ಫ್ಯಾಕ್ಟರಿಯಲ್ಲಿ ಚೀಲ ತುಂಬುವ ದಿನಗೂಲಿ. ಭಾನುವಾರ ಮಾತ್ರ ನಾನು ಬೌಲರ್. ಚಳಿಗಾಲ ಬಂತೆಂದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ತಂಡಗಳ ನಡುವೆ ಕ್ರಿಕೆಟ್ ಪಂದ್ಯಗಳು ಶುರುವಾಗುತ್ತಿದ್ದವು. ಎಲ್ಲ ಪಂದ್ಯಗಳಿಗೂ ಒಬ್ಬರೇ ಸ್ಕೋರರ್. ಅವರು ನಮ್ಮ ಫ್ಯಾಕ್ಟರಿಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು, ನಮ್ಮ ಕ್ಲಬ್ಬಿನ ಕಾರ್ಯದರ್ಶಿಯೂ ಹೌದು. ಭಾನುವಾರ ಹಾಳೆಯ ಮೇಲೆ ಬರೆದ ಸ್ಕೋರನ್ನು ಸೋಮವಾರ ಊಟದ ಹೊತ್ತಿನಲ್ಲಿ ಕಂಪ್ಯೂಟರಿಗೆ ಹಾಕುತ್ತಿದ್ದರು. ಆಮೇಲೆ ಆ ಹಾಳೆಗಳಿಗೆ ಬೆಲೆಯಿಲ್ಲ. ಮುಂದಿನ ಭಾನುವಾರ ಮೈದಾನದ ಪಕ್ಕ ಮಿರ್ಚಿ ಭಜಿ ಕಟ್ಟಿಕೊಡಲು ಅವೇ ಬರುತ್ತಿದ್ದವು. ನಾನು ಬಿದ್ದೆದ್ದು ತೆಗೆದ ವಿಕೆಟ್ಟುಗಳು ಎಣ್ಣೆಯಲ್ಲಿ ನೆಂದು ಹೋಗುವುದನ್ನು ಕಂಡು ನನಗೆ ಪಿತ್ತ ನೆತ್ತಿಗೇರುತ್ತಿತ್ತು. ಸಾಹೇಬರು ನಗುತ್ತಿದ್ದರು.

ಇಡೀ ವಾಡಿಯಲ್ಲಿ ತಂಪು ಗಾಳಿ ಬರುವ ಕೋಣೆ ಇದ್ದದ್ದು ಆ ಕಂಪ್ಯೂಟರಿಗೆ ಮಾತ್ರ. ಸಿಮೆಂಟಿನ ಧೂಳು ಒಳಗೆ ಬರಬಾರದೆಂದು ಚಪ್ಪಲಿ ಹೊರಗೆ ಬಿಟ್ಟು, ಕಾಲು ಒರೆಸಿಕೊಂಡು ಹೋಗಬೇಕು. ಕಂಪ್ಯೂಟರಿನ ಲೆಕ್ಕವನ್ನೆಲ್ಲ ತುಂಬಿಡುವ ತೆಳ್ಳನೆಯ ಫ್ಲಾಪಿ ಬಿಲ್ಲೆಗಳಿಗಾಗಿ ಸಾಹೇಬರ ಮನೆಯವರು ಹಳೆಯ ಧೋತರದಿಂದ ಚೀಲಗಳನ್ನು ಹೊಲಿದು ಕೊಟ್ಟಿದ್ದರು. ಮಂಡಕ್ಕಿ ತಿನ್ನುತ್ತ ಒಳಗೆ ಕಾಲಿಟ್ಟವನನ್ನು ಸಾಹೇಬರು ಕಿವಿ ಹಿಂಡಿ ಹೊರಗೆ ಹಾಕಿದ್ದನ್ನು ನಾನೇ ನೋಡಿದ್ದೇನೆ. ನನ್ನದೇ ಕಿವಿ.

ಹೊಸ ಕಂಪ್ಯೂಟರ್ ಬರುತ್ತದೆಂದು ಸುದ್ದಿಯಾದಾಗ ಅವರು ಆಫೀಸಿನ ಲೆಕ್ಕಪತ್ರವನ್ನೆಲ್ಲ ಹೊಸದಕ್ಕೆ ಹೊಂದುವ ಹಾಗೆ ಬದಲಿಸಿಟ್ಟರು. ಕ್ರಿಕೆಟ್ ಮಾತ್ರ ಹಳೆಯ ಫಾರ್ಮ್ಯಾಟಿನಲ್ಲೇ ಉಳಿಯಿತು. ಹಳೆಯ ಯಂತ್ರ ಒಂದು ಫ್ಲಾಪಿಯಲ್ಲಿ ಹೆಚ್ಚು ತುಂಬುತ್ತಿತ್ತು, ಹೊಸದು ಕಡಿಮೆ. "ಇಡೀ ಸೀಸನ್ ಒಂದರಾಗೇ ಕುಂದರ್ತದ. ಹೊಸಾದ್ರಾಗ ಅದನ್ನ ತುಂಡು ತುಂಡು ಮಾಡಿ ಇಡಬೇಕಾಗ್ತದ, ಯಾಕ ಬೇಕು?" ಎನ್ನುತ್ತಿದ್ದರು. ಹಾಗೆ ಹೇಳುವಾಗ ಆ ಫ್ಲಾಪಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ತೋರಿಸುವ ಅವರ ಗತ್ತು ನೋಡಬೇಕಿತ್ತು!

ಅವರು ಯಾರದೋ ಮದುವೆಗೆಂದು ಮುಧೋಳಕ್ಕೆ ಹೋದಾಗ ಹೊಸ ಯಂತ್ರ ಬಂದಿಳಿಯಿತು, ಹಳೆಯದು ಚಿಂಚೋಳಿಯ ಒಂದು ಶಾಲೆಗೆ ದಾನವಾಗಿ ಹೋಯಿತು. ಅದೇ ಸಮಯಕ್ಕೆ ನನಗೆ ರೈಲ್ವೆಯಿಂದ ಕರೆ ಬಂತು. ಆಟಗಾರರ ಕೋಟಾದಲ್ಲಿ ಕೆಲಸ! ಕ್ಲಬ್ಬಿನವರು ಸಹಿ ಮಾಡಿದ ಆಟದ ದಾಖಲೆ ತರಬೇಕಿತ್ತು. ಚೀಲ ತುಂಬಿ ತುಂಬಿ ಕೆಮ್ಮು ಹತ್ತಿದ್ದ ನನಗೆ ಇದಕ್ಕಿಂತ ದೊಡ್ಡ ದಾರಿ ಇನ್ನೊಂದಿರಲಿಲ್ಲ. ಸಾಹೇಬರು ಊರಿಂದ ಬಂದವರೇ ಫ್ಲಾಪಿಯನ್ನು ಹೊಸ ಯಂತ್ರಕ್ಕೆ ಹಾಕಿದರು. ಅದು ಕರಕರ ಸದ್ದು ಮಾಡಿ ಸುಮ್ಮನಾಯಿತು. ಪಕ್ಕದಲ್ಲಿದ್ದ ಹೊಸ ಎಂಜಿನಿಯರ್, "ಇದು ಖಾಲಿ ಇದೆ ಸರ್, ಫಾರ್ಮ್ಯಾಟ್ ಮಾಡಿಬಿಡೋಣ" ಎಂದು ಕೀಲಿಮಣೆಗೆ ಕೈ ಹಾಕಿದ. ಸಾಹೇಬರು ಅವನ ಮಣಿಕಟ್ಟನ್ನೇ ಹಿಡಿದುಬಿಟ್ಟರು.

"ಖಾಲಿ ಇಲ್ಲಪ್ಪ. ನಿನ್ನ ಮಷೀನಿಗೆ ಓದ್ಲಿಕ್ಕೆ ಬರಂಗಿಲ್ಲ. ನೀ ಈಗ ಒತ್ತಿದ್ರ ಇವನ ನೌಕರಿ ಅಳಿಸಿ ಹೋಗ್ತದ."

ಹಳೆಯ ಯಂತ್ರ ಹುಡುಕಿಕೊಂಡು ಮರುದಿನವೇ ಇಬ್ಬರೂ ಚಿಂಚೋಳಿಗೆ ಹೊರಟೆವು. ಅದರ ಮರುದಿನ ಇಂಟರ್‌ವ್ಯೂ. ಚಿಂಚೋಳಿಯಿಂದ ಸೇಡಂಗೆ ಬಂದು ನಾನು ನೇರ ರೈಲು ಹತ್ತಬೇಕಿತ್ತು. ದಾರಿಯುದ್ದಕ್ಕೂ ನಾನು ಗೊಣಗಿದೆ. ಹೆಚ್ಚು ಹಿಡಿಯುತ್ತದೆಂದು ಕೊಂಡಾಡಿದ್ದು ಯಾರು, ಈಗ ಓದುವವರೇ ಇಲ್ಲವಲ್ಲ ಎಂದೆ. ಸಾಹೇಬರು ಸಿಟ್ಟಾಗಲಿಲ್ಲ. "ಖರೇ ಅದ. ಎಷ್ಟು ಹಿಡೀತದ ಅಂತ ನೋಡ್ದೆ, ಯಾರು ಓದೋರು ಅಂತ ಕೇಳ್ಲಿಲ್ಲ" ಎಂದು ಬಸ್ಸಿನ ಕಿಟಕಿಯ ಕಡೆ ತಿರುಗಿ ಕುಳಿತರು. ಅವರು ತಪ್ಪು ಒಪ್ಪಿಕೊಂಡದ್ದನ್ನು ನಾನು ಕೇಳಿದ್ದು ಆಗಲೇ ಮೊದಲು.

ಶಾಲೆಯಲ್ಲಿ ಯಂತ್ರ ಹೆಡ್‌ಮಾಸ್ತರರ ಕೋಣೆಯಲ್ಲಿ ಪ್ಲಾಸ್ಟಿಕ್ ಹೊದ್ದು ಕುಳಿತಿತ್ತು. ಆಗಷ್ಟೇ ಮುಗಿದಿದ್ದ ಆಯುಧ ಪೂಜೆಯ ದಿನ ಅದಕ್ಕೆ ಹಾರ ಹಾಕಿ, ವಿಭೂತಿ ಬಳಿದು, ಫ್ಲಾಪಿ ತೂರಿಸುವ ಬಾಯಿಗೇ ಅರಿಶಿನ ಕುಂಕುಮ ಏರಿಸಿದ್ದರು. ಬಾಯಿ ತೆರೆದುಕೊಂಡಿದ್ದ ಯಂತ್ರಕ್ಕೆ ಬರಿಗೈಲಿ ಹೇಗೆ ಪೂಜೆ ಮಾಡುವುದು ಎಂದು ಹೆಡ್‌ಮಾಸ್ತರರ ವಾದ. ಸಾಹೇಬರು ತಲೆ ಚಚ್ಚಿಕೊಳ್ಳುತ್ತ ಧೋತರದ ಚೀಲ ಬಿಚ್ಚಿ, ಅದೇ ಬಟ್ಟೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಕುಂಕುಮ ಒರೆಸುತ್ತ ಮಧ್ಯಾಹ್ನ ಮಾಡಿದರು. ಕರೆಂಟ್ ಹೋಯಿತು, ಬಂತು, ಮತ್ತೆ ಹೋಯಿತು... ಕೊನೆಗೂ ಪರದೆಯ ಮೇಲೆ ಹಸಿರು ಅಕ್ಷರಗಳು ಮೂಡಿದವು. ನನ್ನ ಹೆಸರು! ನಾನು ಸಾಹೇಬರನ್ನು ತಬ್ಬಿಕೊಂಡೆ. ಅವರು ದೂಡಿದರು, ಯಂತ್ರ ಅಲುಗಾಡುತ್ತದೆಂದು.

ಪ್ರಿಂಟರ್ ಇರಲಿಲ್ಲ. ಸಾಹೇಬರು ಓದುವುದು, ಶಾಲೆಯ ಟೈಪ್‌ರೈಟರಿನಲ್ಲಿ ಹೆಡ್‌ಮಾಸ್ತರರು ತಾವೇ ಹೊಡೆಯುವುದು ಎಂದಾಯಿತು. ಚೆನ್ನಾಗಿಯೇ ನಡೆದಿತ್ತು, ಚಿಂಚೋಳಿಯ ಪಂದ್ಯ ಬರುವ ತನಕ. ಹೆಡ್‌ಮಾಸ್ತರರು ಚಿಂಚೋಳಿ ತಂಡದ ಓಪನರ್. ನಾನು ಅವರನ್ನು ಸೊನ್ನೆಗೆ ಬೌಲ್ಡ್ ಮಾಡಿದ್ದೆ, ಅದೂ ಅವರದೇ ಶಾಲೆಯ ಮಕ್ಕಳ ಮುಂದೆ.

ಅವರ ಬೆರಳು ನಿಂತಿತು. "ಅದು ನೋಬಾಲ್ ಇತ್ತು. ಆ ಸಾಲು ಬಿಡ್ರಿ."

"ಬಿಡ್ಲಿಕ್ಕೆ ಬರಂಗಿಲ್ರಿ" ಎಂದರು ಸಾಹೇಬರು.

"ಹಂಗಾದ್ರ ಮಷೀನ್ ಬಂದ್ ಮಾಡ್ತೀನಿ. ಇದು ನಮ್ಮ ಶಾಲೀ ಸಾಮಾನು." ಅವರ ಕೈ ಸ್ವಿಚ್ಚಿನ ಮೇಲೆ ಹೋಯಿತು.

ನಾನು ಸಾಹೇಬರ ಕಾಲು ಹಿಡಿಯುವುದೊಂದು ಬಾಕಿ. ಒಂದು ವಿಕೆಟ್ಟು ಹೋದರೆ ಹೋಗಲಿ, ಬೇಕಾದರೆ ಹೆಡ್‌ಮಾಸ್ತರರಿಗೆ ಒಂದು ಸೆಂಚುರಿ ಬರೆದುಕೊಡಿ ಎಂದು ಕಿವಿಯಲ್ಲಿ ಹೇಳಿದೆ. ಸಾಹೇಬರು ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಏನನ್ನೋ ಒತ್ತಿ, ಪರದೆಯನ್ನು ಹೆಡ್‌ಮಾಸ್ತರರ ಕಡೆ ತಿರುಗಿಸಿದರು. ಇನ್ನೊಂದು ಪಂದ್ಯ, ಶಹಾಬಾದಿನ ಮೈದಾನದ್ದು. ಅಂದು ಇದೇ ಹೆಡ್‌ಮಾಸ್ತರರು ನನ್ನ ಎಸೆತಗಳನ್ನು ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ರಾಶಿಯಾಚೆಗೆ ಹೊಡೆದು ಹೊಡೆದು ಚೆಂಡನ್ನೇ ಕಳೆದುಹಾಕಿದ್ದರು.

"ಇದೂ ಟೈಪ್ ಮಾಡ್ರಿ. ಇದು ಬೇಕಂದ್ರ ಅದೂ ಬೇಕು" ಎಂದರು.

ಹೆಡ್‌ಮಾಸ್ತರರ ಮುಖ ಅರಳಿತು, ನನ್ನದು ಬಾಡಿತು. ಸ್ವಿಚ್ಚಿನಿಂದ ಕೈ ತೆಗೆದರು. ಶಹಾಬಾದಿನ ಪಂದ್ಯವನ್ನು ಹಾಡು ಗುನುಗುತ್ತ ಹೊಡೆದರು. ತಮ್ಮ ಸೊನ್ನೆಯನ್ನು ಮಾತ್ರ ಎಷ್ಟು ಸಿಟ್ಟಿನಿಂದ ಕುಟ್ಟಿದರೆಂದರೆ ಹಾಳೆಯಲ್ಲಿ ಆ ಜಾಗ ತೂತಾಯಿತು. ಸಾಹೇಬರು ಕೆಳಗೆ ಸಹಿ ಹಾಕಿದರು. ಸೇಡಂ ಸ್ಟೇಷನ್ನಿನವರೆಗೂ ನಾನು ಅವರೊಂದಿಗೆ ಮಾತಾಡಲಿಲ್ಲ. ನಾನು ಹೊಡೆಸಿಕೊಂಡದ್ದನ್ನೂ ರೈಲ್ವೆಯವರಿಗೆ ಸಾರಿದ ಮನುಷ್ಯನೊಂದಿಗೆ ಏನು ಮಾತು?

ಇಂಟರ್‌ವ್ಯೂದಲ್ಲಿ ನನ್ನ ಮುಂದೆ ಕುಳಿತಿದ್ದ ಅಧಿಕಾರಿ ಆ ಹಾಳೆಯನ್ನು ಬೆಳಕಿಗೆ ಹಿಡಿದು ತೂತಿನಿಂದ ನನ್ನನ್ನೇ ನೋಡಿದರು. ಕಥೆ ಕೇಳಿದರು. ಹೇಳಿದೆ, ಬೇರೇನು ಮಾಡಲಿ! ಅವರು ಹೊಟ್ಟೆ ಹಿಡಿದು ನಕ್ಕರು. ಬೆಳಿಗ್ಗೆಯಿಂದ ಎಲ್ಲರೂ ಬರೀ ವಿಕೆಟ್ಟುಗಳನ್ನೇ ತಂದಿದ್ದಾರೆ, ಪೆಟ್ಟು ತಿಂದದ್ದನ್ನೂ ತಂದವನು ನೀನೊಬ್ಬನೇ, ಹಾಗಾಗಿ ಈ ಹಾಳೆಯನ್ನು ನಂಬಬಹುದು ಎಂದರು. ಕೆಲಸ ಸಿಕ್ಕಿತು. ಆ ಕೆಲಸದ ಅನ್ನವನ್ನೇ ಇವತ್ತಿಗೂ ಉಣ್ಣುತ್ತಿದ್ದೇನೆ.

ಸಾಹೇಬರು ಆಮೇಲೆ ಹಳೆಯ ಯಂತ್ರವನ್ನು ಜೀಪಿನಲ್ಲಿ ತರಿಸಿ, ಎರಡಕ್ಕೂ ಕೇಬಲ್ ಜೋಡಿಸಿ, ಸೀಸನ್ನನ್ನು ತುಂಡು ಮಾಡಿ ಎಲ್ಲರ ಯಂತ್ರಕ್ಕೂ ಹೊಂದುವ ಫ್ಲಾಪಿಗಳಲ್ಲಿ ಇಟ್ಟರಂತೆ. ನಾನು ಅಷ್ಟರಲ್ಲಿ ದೂರದ ಸ್ಟೇಷನ್ನಿನಲ್ಲಿದ್ದೆ. ಊರಿಗೆ ಬಂದಾಗಲೆಲ್ಲ ಭೇಟಿಯಾಗುತ್ತಿದ್ದೆ, ಆಮೇಲಾಮೇಲೆ ಅದೂ ಕಡಿಮೆಯಾಗಿ ಫೋನಿನಲ್ಲೇ ಮಾತು ನಡೆಯುತ್ತಿತ್ತು...

ಹೋದ ತಿಂಗಳು ಸಾಹೇಬರು ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಮರುದಿನ ಚಿಂಚೋಳಿಯಿಂದ ಹೆಡ್‌ಮಾಸ್ತರರ ಫೋನು. ಭಾಳ ವಯಸ್ಸಾಗಿದೆ, ನಡೆಯಲು ಆಗುವುದಿಲ್ಲ, ಬರಲಾಗಲಿಲ್ಲ ಎಂದು ಅತ್ತರು. ಆಮೇಲೆ, "ಅದು ನೋಬಾಲ್ ಇರ್ಲಿಲ್ಲಪ್ಪ, ನಾ ಔಟೇ ಇದ್ದೆ. ಅವರಿಗೆ ಒಂದ್ ಮಾತು ಹೇಳಬೇಕಂತಿದ್ದೆ" ಎಂದರು.

ನನಗೆ ರೇಗಿತು. ಇಷ್ಟು ವರ್ಷ ಹೇಳದೆ, ಈಗ ನನಗೆ ಹೇಳಿ ಏನುಪಯೋಗ ಎಂದು ಬೈದೆ. ಅವರು ಬೈಸಿಕೊಂಡರು. ಆಮೇಲೆ ಇಬ್ಬರೂ ನಕ್ಕೆವು. ಫೋನ್ ಇಟ್ಟ ಮೇಲೆ, ಇದನ್ನು ಸಾಹೇಬರಿಗೆ ತಿಳಿಸಬೇಕೆಂದು ಅಭ್ಯಾಸಬಲದಿಂದ ಅವರ ನಂಬರು ಹುಡುಕಿದೆ. ನಂಬರು ಇತ್ತು.