ಕೋಣೆಯೊಳಗೆ ರುದ್ರಮುನಿ, ಪಾಚಿಯೊಳಗೆ ಡಬ್ಬಿ

“ಅಮ್ಮಾ, ರುದ್ರಮುನಿ ಮಾಮ ಏನು ಕದ್ರು?”

ಬೆಳಿಗ್ಗೆ ಹಲ್ಲುಜ್ಜುತ್ತಲೇ ಮಗಳು ತನುಶ್ರೀ ಕೇಳಿದಳು. ಎದುರುಮನೆಯ ಮಹಡಿ ಕೋಣೆಗೆ ಹೊರಗಿನಿಂದ ಬೀಗ ಬಿದ್ದಿತ್ತು. ಕಿಟಕಿಯ ಸರಳುಗಳ ನಡುವೆ ಅವರ ಮೂಗು ಕಾಣುತ್ತಿತ್ತು.

ಕದ್ದಿಲ್ಲ, ಪರೋಪಕಾರ ಮಾಡಿದ್ದಾರೆ. ಅದು ಕಳ್ಳತನಕ್ಕಿಂತ ದೊಡ್ಡ ಅಪರಾಧವೆಂದು ಅವರ ತಾಯಿ ಉಡಚಮ್ಮನವರ ತೀರ್ಮಾನ. ನಲವತ್ತರ ಹತ್ತಿರದ ಮಗನನ್ನು ಕೊತ್ತಂಬರಿಗೆ ಕಳಿಸಿದರೆ ಯಾರದೋ ಗ್ಯಾಸ್ ಸಿಲಿಂಡರ್ ಹೊತ್ತು, ಇನ್ಯಾರದೋ ಮನೆಯಲ್ಲಿ ಚಹಾ ಕುಡಿದು, ನಮ್ಮ ಸರಸ್ವತಿ ನಗರ ಪೂರ್ತಿ ಸುತ್ತಿ ಬರಿಗೈಲಿ ಬರುತ್ತಾರೆ. ಎಷ್ಟೋ ವರ್ಷಗಳಿಂದ ಕೆಲಸ ಜೀವಶಾಸ್ತ್ರದ ಅತಿಥಿ ಉಪನ್ಯಾಸಕರದು. ಇಷ್ಟು ವರ್ಷ ಉಳಿದ ಅತಿಥಿಯನ್ನು ಯಾರೂ ಕಂಡಿಲ್ಲ.

ಕಳೆದ ವರ್ಷ ಹರಿಹರದ ಒಂದು ಕಾಲೇಜಿನಲ್ಲಿ ಕಾಯಂ ಕೆಲಸಕ್ಕೆ ಸಂದರ್ಶನವಿತ್ತು. ಬಸ್ಸಿನಲ್ಲಿ ಪಕ್ಕದವರು ಕೊಕ್ಕನೂರಿಗೆ ಹೆಣ್ಣು ನೋಡಲು ಹೊರಟಿದ್ದರು. ಒಬ್ಬರು ಕೈಕೊಟ್ಟು ಮೂವರೇ ಉಳಿದಿದ್ದರು. ಶುಭಕಾರ್ಯಕ್ಕೆ ಮೂವರು ಹೋಗಬಾರದಲ್ಲ! “ಸುಮ್ಕ ಬಂದ್ ಕೂಡ್ರಿ ಸರ್, ನಾಕ್ ಮಂದಿ ಆಗ್ತೀವಿ” ಎಂದರಂತೆ. ಇವರು ಕಾಲೇಜಿನ ದಾರಿ ಬಿಟ್ಟು ಅವರ ಹಿಂದೆ ಕೊಕ್ಕನೂರಿನ ಬಸ್ಸು ಹತ್ತಿದರು. ಉಪ್ಪಿಟ್ಟು ತಿಂದರು. ಹುಡುಗನ ಕಡೆಯ ಹಿರಿಯರಂತೆ ಮಾತುಕತೆಯನ್ನೂ ಮುಗಿಸಿಕೊಟ್ಟರು. ಮದುವೆ ಕುದುರಿತು, ಕೆಲಸ ಹೋಯಿತು. ಮದುವೆಗೆ ಇವರನ್ನು ಕರೆಯಲೂ ಇಲ್ಲ.

ನಾಳೆ ಮತ್ತೆ ಅಲ್ಲೇ ಸಂದರ್ಶನ. ಪಾಠ ಮಾಡಿ ತೋರಿಸಬೇಕು. ವಯಸ್ಸಿನ ಮಿತಿ ದಾಟುವ ಮುಂಚೆ ಇದೇ ಕೊನೆಯ ಅವಕಾಶ. ಓದಲಿ ಎಂದೇ ಬೀಗ.

ಪಡ್ಡು ಮಾಡಿದ್ದೆ. ತನುಶ್ರೀಯೊಂದಿಗೆ ಎದುರುಮನೆಯ ಮೆಟ್ಟಿಲು ಹತ್ತಿದೆ. ತಟ್ಟೆ ಸರಳಲ್ಲಿ ತೂರಲಿಲ್ಲ. ಒಂದೊಂದೇ ಒಳಗೆ ದಾಟಿಸಿದೆ. ಕಿಟಕಿಯಲ್ಲಿ ಕೊಂಡಜ್ಜಿ ಕೆರೆಯ ಹಸಿರು ನೀರಿನ ಬಾಟಲಿ ಇತ್ತು.

“ಇದೇನು ಮಾಮ, ಗಲೀಜು?”

“ಗಲೀಜಲ್ಲವ್ವ. ಇದರಾಗ ನೀಲಿ-ಹಸಿರು ಪಾಚಿ ಅಂತ ಕಣ್ಣಿಗೆ ಕಾಣದ ಜೀವ ಅದಾವೆ. ಗಾಳಿಯಾಗಿನ ಇಂಗಾಲ ಹಿಡಿದು ಸಕ್ಕರಿ ಮಾಡ್ಕಂತಾವೆ. ಹಿಡಿಯೋ ಕಿಣ್ವದ ಹೆಸರು ರುಬಿಸ್ಕೊ. ಭಾಳ ನಿಧಾನ ಅದು. ಮ್ಯಾಲೆ ಯಡವಟ್ಟು! ಇಂಗಾಲದ ಡೈಆಕ್ಸೈಡ್ ಹಿಡಿ ಅಂದ್ರೆ, ದಾರ್‍ಯಾಗ ಸಿಕ್ಕ ಆಮ್ಲಜನಕನ ಹಿಡ್ಕಂಡು ಕೂಡ್ತೈತೆ.”

“ನಿನ್ನಂಗ,” ಎಂದರು ಮೆಟ್ಟಿಲಲ್ಲಿ ಕೂತಿದ್ದ ಉಡಚಮ್ಮ.

“ಸುಮ್ಕಿರವ್ವ. ಅದಕ್ಕ ಆ ಜೀವ ಪ್ರೋಟೀನಿನ ಡಬ್ಬಿ ಕಟ್ಟಿ ರುಬಿಸ್ಕೊನ ಅದರಾಗ ಒತ್ತಿ ತುಂಬ್ತೈತೆ. ಕಾರ್ಬಾಕ್ಸಿಸೋಮ್ ಅಂತಾರೆ. ಡಬ್ಬಿಗೆ ಸಣ್ಣ ಸಣ್ಣ ತೂತು. ಅದರಾಗಿಂದ ನೀರಾಗ ಕರಗಿದ ಇಂಗಾಲ ಬೈಕಾರ್ಬೊನೇಟ್ ಆಗಿ ಒಳಗ ಬರ್ತೈತೆ. ಒಳಗ ಇನ್ನೊಂದು ಕಿಣ್ವ ಅದನ್ನ ಇಂಗಾಲದ ಡೈಆಕ್ಸೈಡ್ ಮಾಡಿ ರುಬಿಸ್ಕೊ ಬಾಯಿಗೇ ಇಡ್ತೈತೆ. ಆ ಡೈಆಕ್ಸೈಡ್ ಸಲೀಸಾಗಿ ಹೊರಗ ಹೋಗಂಗಿಲ್ಲ, ಆಮ್ಲಜನಕ ಸಲೀಸಾಗಿ ಒಳಗ ಬರಂಗಿಲ್ಲ. ರುಬಿಸ್ಕೊ ಇನ್ನೇನ್ ಮಾಡ್ತೈತೆ ಪಾಪ? ದುಡೀಬೇಕು!”

ತನುಶ್ರೀ ಬೀಗ ನೋಡಿದಳು, ಸರಳು ನೋಡಿದಳು, ಅವರ ಬಾಯಲ್ಲಿದ್ದ ಪಡ್ಡು ನೋಡಿದಳು. “ಮಾಮ, ನೀವೇ ರುಬಿಸ್ಕೊ!”

“ಈ ಡಬ್ಬಿ ವಿಚಾರ ಮೊದ್ಲೇ ಹೇಳಿದ್ರೆ, ಹುಟ್ಟಿದ ದಿನಾನೇ ಹಾಕ್ತಿದ್ನಲ್ಲೋ,” ಎಂದು ಉಡಚಮ್ಮ ಮೊಣಕಾಲು ನೀವಿಕೊಂಡು ನಕ್ಕರು.

ರುದ್ರಮುನಿ ನಗಲಿಲ್ಲ. ಸರಳಿಗೆ ಹಣೆ ಹಚ್ಚಿ ದನಿ ತಗ್ಗಿಸಿದರು.

“ತಂಗೆಮ್ಮ, ನಾಳೆ ಬಸ್ಸಿನಾಗ ಬೀಗ ಇರಂಗಿಲ್ಲ. ಅವ್ವಗ ಮೊಣಕಾಲು ನೋವು, ಬರಾಕಾಗಲ್ಲ. ನೀವು, ತನು ಬರ್ರಿ. ನನ್ನ ಎರಡೂ ಕಡೆ ಕೂಡ್ರಿ. ಯಾರ ಜತಿಗೂ ಮಾತಾಡಾಕ ಬಿಡಬ್ಯಾಡ್ರಿ.”

“ಮೂರು ಜನ ಆಗ್ತೀವಲ್ಲ ಅಣ್ಣಾರೆ, ಶುಭಕಾರ್ಯಕ್ಕೆ?”

ಅವರು ಬಾಟಲಿ ಎತ್ತಿ ತೋರಿಸಿದರು. “ಪಾಠಕ್ಕ ಇದೂ ಜತಿಗೆ ಬರ್ತೈತೆ, ಇದರಾಗ ಕೋಟಿ ಮಂದಿ ಅದಾರೆ. ಕಾಲೇಜ್ ಗೇಟಿನ ತನಕ ಬರ್ರಿ, ಸಾಕು.”